ಸೊರಬಕ್ಕೆ ಹೊರಟ ಎರಡು ಕಪ್ಪೆಗಳು

ಬಸ್ಸು ಶಿರಾಳಕೊಪ್ಪದಲ್ಲೇ ಕೆಟ್ಟು ಕೂರಬಹುದು. ಕಪ್ಪೆಗಳು ಗಡಿಗೆಯಿಂದ ಹಾರಿ ಕಂಡಕ್ಟರನ ಚೀಲ ಸೇರಬಹುದು. ಹಾರದಿದ್ದರೆ ಸಾಯಬಹುದು. ಸಾಯದಿದ್ದರೆ, ಕ್ಲೋರೋಫಾರ್ಮ್ ಕೊಟ್ಟ ಮೇಲೂ ಕಣ್ಣು ಬಿಟ್ಟು ನನ್ನನ್ನೇ ನೋಡಬಹುದು. ನನ್ನ ಕೈ ನಡುಗಬಹುದು. ಕತ್ತರಿ ಜಾರಿ ಸಾಹೇಬರ ಬೂಟಿನ ಮೇಲೆ ಬೀಳಬಹುದು. ಬೂಟಿನೊಳಗೆ ಕಾಲೂ ಇರಬಹುದು!

ಐವತ್ತರ ದಶಕದ ಕೊನೆಯ ಮಾತು. ಶಿಕಾರಿಪುರದಲ್ಲಿ ಹದಿನೈದು ವರ್ಷ ಮಕ್ಕಳಿಂದ ಮಗ್ಗಿ ಹೇಳಿಸಿದ್ದ ನನಗೆ ನಲವತ್ತು ದಾಟಿದ ಮೇಲೆ ಜೀವಶಾಸ್ತ್ರದ ಹುಚ್ಚು ಹಿಡಿಯಿತು. ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸೂ ಮಾಡಿಕೊಂಡೆ. ಸೊರಬದ ಹೈಸ್ಕೂಲೊಂದಕ್ಕೆ ಆ ವಿಷಯದ ಮೇಷ್ಟ್ರು ಬೇಕಿತ್ತು. ಮೂವರು ಹಿರಿಯರ ಮುಂದೆ ಕಪ್ಪೆ ಕೊಯ್ದು ಪಾಠ ಮಾಡಿ ತೋರಿಸಿದರೆ ಕೆಲಸ. ಇಲ್ಲವಾದರೆ ಪೆನ್ಷನ್ನಿನವರೆಗೂ ಎರಡೊಂದ್ಲ ಎರಡು!

ತಯಾರಿ ಜೋರಾಗಿ ನಡೆಯಿತು. ಬದನೆಕಾಯಿಗಳ ಹೊಟ್ಟೆ ಸೀಳಿ ಅಭ್ಯಾಸ ಮಾಡಿದೆ. ನಾಲ್ಕು ದಿನ ಮನೆಯಲ್ಲಿ ಎಣ್ಣೆಗಾಯಿ. ಕಾಂಪೌಂಡರು ಕೊಟ್ಟ ಕ್ಲೋರೋಫಾರ್ಮ್ ಅಸಲಿಯೋ ನಕಲಿಯೋ ಎಂದು ಮೂಸಿ ನೋಡಿದೆ. ಅಸಲಿ! ಹೆಂಡತಿ ಸಾವಿತ್ರಿ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಬೇಕಾಯಿತು.

ಕಷ್ಟವಾದದ್ದು ಕಪ್ಪೆ ಸಿಗುವುದು. ಮುಂಗಾರು ಹದಿನೈದು ದಿನ ತಡವಾಗಿ ಊರೆಲ್ಲ ಒಣಗಿತ್ತು. ಮೂರು ದಿನ ಕೆರೆಯ ಕೆಸರಿನಲ್ಲಿ ಕೈಯಾಡಿಸಿ ಎರಡು ಕಪ್ಪೆ ಹಿಡಿದು ತಂದೆ. ಒಂದು ಕೊಯ್ಯಲು, ಇನ್ನೊಂದು ಮುಂಜಾಗ್ರತೆಗೆ.

ಸುದ್ದಿ ತಿಳಿದು ಪಕ್ಕದ ಮನೆಯ ಗಂಗವ್ವ ಬಂದರು.

“ಮೇಷ್ಟ್ರೇ, ಮಳೆ ಬರ್ಲಿ ಅಂತ ಓಣಿಯವರೆಲ್ಲ ಸೇರಿ ಕಪ್ಪೆ ಮದುವೆ ಮಾಡೋಣ ಅಂದೇವಿ. ಊರಾಗ ಎಲ್ಲೂ ಕಪ್ಪೆ ಇಲ್ರೀ. ನಿಮ್ಮ ಜೋಡಿ ಒಂದ್ ತಾಸು ಕೊಡ್ರಿ, ಸಾಕು.”

“ಗಂಗವ್ವ, ಕಪ್ಪೆಗೆ ಮದುವೆ ಮಾಡಿದರೆ ಮಳೆ ಬರೋದಿಲ್ಲ. ಇದು ವಿಜ್ಞಾನ!”

“ಬಾಳ ಓದೀರಿ ಬಿಡ್ರಿ,” ಎಂದು ಹೊರಟರು. ಹೋಗುವಾಗ ಸಾವಿತ್ರಿಯ ಕಡೆ ಒಮ್ಮೆ ನೋಡಿದರು. ನೋಡಿದ್ದಕ್ಕೆಲ್ಲ ಚಿಂತಿಸುವ ನಾನು ಇದಕ್ಕೆ ಮಾತ್ರ ಚಿಂತಿಸಲಿಲ್ಲ.

ಹೊರಡುವ ಬೆಳಿಗ್ಗೆ ನನ್ನ ಸ್ನಾನ, ಪೂಜೆ ಮುಗಿಯುವಷ್ಟರಲ್ಲಿ ಸಾವಿತ್ರಿ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಬಾಗಿಲಲ್ಲಿಟ್ಟಿದ್ದಳು. ಪಕ್ಕದಲ್ಲೊಂದು ಕೊಡೆ.

“ಕೊಡೆ ತಗೊಂಡ್ ಹೋಗ್ರೀ.”

“ಆಕಾಶದಲ್ಲಿ ಒಂದು ಮೋಡ ಇಲ್ಲ. ವಿಜ್ಞಾನದ ಮೇಷ್ಟ್ರು ಕಣೇ ನಾನು!”

“ಇನ್ನೂ ಆಗಿಲ್ಲ,” ಎಂದಳು. ನಾನು ಕೊಡೆಯನ್ನು ಮೊಳೆಗೆ ತೂಗುಹಾಕಿ ಹೊರಟೆ.

ಬಸ್ಸು ಕೆಡಲಿಲ್ಲ. ಉಡುತಡಿಯ ಹತ್ತಿರ ಹತ್ತಿದ ಅಜ್ಜಿಯೊಬ್ಬರು, “ಗಡಿಗ್ಯಾಗ ಮಜ್ಜಿಗೇನಪ್ಪಾ?” ಎಂದು ಕೇಳಿದರು. ಗಡಿಗೆಯೇ ‘ವಟರ್’ ಎಂದು ಉತ್ತರ ಕೊಟ್ಟಿತು. ಅಜ್ಜಿ ಬೇರೆ ಸೀಟಿಗೆ ಹೋದರು.

ತರಗತಿ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೆಡ್‌ಮಾಸ್ಟರು, ಶಿವಮೊಗ್ಗದಿಂದ ಬಂದ ವಿದ್ಯಾ ಇಲಾಖೆಯ ಸಾಹೇಬರು, ಜಡೆ ಗ್ರಾಮದ ಪಟೇಲರು. ಕೈ ನಡುಗಲಿಲ್ಲ. ಬಟ್ಟೆ ಬಿಚ್ಚಿ ಒಂದು ಕಪ್ಪೆಯನ್ನು ಹಲಗೆಯ ಮೇಲಿಟ್ಟೆ.

ಹಣೆಯಲ್ಲಿ ಕುಂಕುಮ. ಬೆನ್ನಿಗೆ ಅರಿಶಿನ. ಕೊರಳಿಗೆ ದಾರ, ದಾರಕ್ಕೆ ಅರಿಶಿನ ಕೊಂಬಿನ ಚೂರು. ತಾಳಿ!

ಪಟೇಲರು ಎದ್ದೇಬಿಟ್ಟರು. “ಎಂಥ ಮಾರಾಯ್ರೆ ಇದು! ಮುತ್ತೈದೆ ಹೆಣ್ಣು. ಇವತ್ತೇ ಮದುವೆ ಆದಂಗಿದೆ. ಅದಕ್ಕೆ ಕತ್ತರಿ ಹಾಕ್ತೀರಾ?”

“ಇನ್ನೊಂದು ತೆಗೀರಿ,” ಎಂದರು ಸಾಹೇಬರು.

ತೆಗೆದೆ. ಅದರ ತಲೆಗೆ ಪುಟ್ಟ ಬಾಸಿಂಗ!

“ಗಂಡ!” ಎಂದರು ಪಟೇಲರು. “ಇವನನ್ನ ಕೊಯ್ದ್ರೆ ಅವಳ ಗತಿ ಎಂತ?”

ತರಗತಿ ಬಿದ್ದು ಬಿದ್ದು ನಕ್ಕಿತು. ನನ್ನ ಕಿವಿಯಲ್ಲಿ ಎರಡೊಂದ್ಲ ಎರಡು ಶುರುವಾಯಿತು. ಬೇರೆ ದಾರಿ ಕಾಣದೆ, ನವದಂಪತಿಗಳ ಅರಿಶಿನ ತೊಳೆದು, ಒದ್ದೆ ಚರ್ಮದಿಂದಲೂ ಇವರು ಹೇಗೆ ಉಸಿರಾಡುತ್ತಾರೆ, ಗಂಟಲು ಏಕೆ ಮಿಡಿಯುತ್ತದೆ, ನುಂಗುವಾಗ ಕಣ್ಣು ಹೇಗೆ ಒಳಗಿಳಿಯುತ್ತದೆ ಎಂದು ಹೇಳತೊಡಗಿದೆ. ನಾಲಿಗೆಯ ವಿಷಯಕ್ಕೆ ಬರುವ ಹೊತ್ತಿಗೆ ಸರಿಯಾಗಿ ಮದುಮಗ ಹಲಗೆಯ ಮೇಲೆ ಕೂತಿದ್ದ ನೊಣವನ್ನು ಛಕ್ಕನೆ ಸೆಳೆದುಕೊಂಡು, ಕಣ್ಣನ್ನು ಒಳಗಿಳಿಸಿಯೇ ನುಂಗಿದ! ಮದುವೆಯೂಟ!

“ಸತ್ತ ಕಪ್ಪೆ ಇಷ್ಟು ಕಲಿಸೋದಿಲ್ಲ ಕಣ್ರೀ!” ಎಂದು ಸಾಹೇಬರು ಅಲ್ಲೇ ನೇಮಕದ ಕಾಗದ ಬರೆದು ರುಜು ಹಾಕಿಕೊಟ್ಟರು.

ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟು, ದಂಪತಿಗಳ ದಾರ, ಬಾಸಿಂಗ ಬಿಚ್ಚಿ, ದಂಡಾವತಿ ಹೊಳೆಯ ದಡದಲ್ಲಿ ಅವರನ್ನು ಬಿಟ್ಟೆ. ಅವರು ನೀರಿಗೆ ಹಾರಿದರು. ಆಕಾಶ ಗುಡುಗಿತು.

ನನ್ನ ಪಟ್ಟಿಯಲ್ಲಿದ್ದ ಒಂದು ಅಪಾಯವೂ ನಡೆಯಲಿಲ್ಲ. ಕೊಡೆ ಇರಲಿಲ್ಲ, ಅಷ್ಟೇ.

ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆ ಸೇರಿದೆ. ಬೀದಿಯಲ್ಲಿ ನೆನೆಯುತ್ತ ನಿಂತಿದ್ದ ಗಂಗವ್ವ, “ವಿಜ್ಞಾನ ಏನಂತೈತ್ರೀ ಮೇಷ್ಟ್ರೇ?” ಎಂದು ಕೂಗಿದರು. ಜೇಬಿಗೆ ಕೈ ಹಾಕಿದೆ. ಕಾಗದ ಖಾಲಿ! ಸಾಹೇಬರ ಮಸಿಯೆಲ್ಲ, ರುಜುವಿನ ಸಮೇತ, ಬನಿಯನ್ನಿನ ಎದೆಯ ಮೇಲೆ ಉಲ್ಟಾ ಮೂಡಿತ್ತು.

“ಬಿಚ್ಚಿ ಕೊಡ್ರೀ, ಒಗೆದು ಹಾಕ್ತೀನಿ,” ಎಂದಳು ಸಾವಿತ್ರಿ.

“ಮುಟ್ಟಬೇಡ್ವೇ! ಅದು ಸರ್ಕಾರಿ ದಾಖಲೆ!”

ಸೋಮವಾರ ಕೆಲಸಕ್ಕೆ ಹಾಜರಾದೆ. ಗುಮಾಸ್ತರು ಕನ್ನಡಕ ಏರಿಸಿ, “ಆರ್ಡರ್ ಎಲ್ರೀ?” ಎಂದರು. ಜೀವಶಾಸ್ತ್ರದ ನೂತನ ಅಧ್ಯಾಪಕನು ಎಡಗೈಯಲ್ಲಿ ಕೊಡೆ ಹಿಡಿದುಕೊಂಡು, ಬಲಗೈಯಿಂದ ಅಂಗಿಯ ಗುಂಡಿ ಬಿಚ್ಚತೊಡಗಿದನು.