ಎರಡು ಮಾರು ಸೇವಂತಿಗೆಯೂ ಮಾವನವರ ಮೋಟಾರ್ ಸೈಕಲ್ಲೂ

ಅಪಘಾತವಾದವರಿಗಿಂತ ಅದನ್ನು ನಿಂತು ನೋಡಿದವರಿಗೆ ಹೆಚ್ಚು ದಿನ ರಜೆ ಕೊಡಬೇಕು ಎಂಬುದು ಈಚೆಗೆ ನಾನು ಕಂಡುಕೊಂಡಿರುವ ಸತ್ಯ. ಬೀಳುವವರಿಗೆ ಬೀಳುವ ಕೆಲಸವಾದರೂ ಇರುತ್ತದೆ. ನೋಡುವವರಿಗೆ ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲದ್ದರಿಂದ ಅವರು ಎಲ್ಲವನ್ನೂ ಚೊಕ್ಕಟವಾಗಿ ನೋಡಿಬಿಡುತ್ತಾರೆ. ನಮ್ಮ ಯಜಮಾನರ ಮೊಣಕೈ ಗಾಯ ಎಂಟು ದಿನಕ್ಕೆ ಒಣಗಿತು. ನಾನು ಮಾತ್ರ ಇವತ್ತಿಗೂ ಒಗ್ಗರಣೆ ಚುಂಯ್ ಎಂದರೆ ಬೆಚ್ಚುತ್ತೇನೆ. ಮೊನ್ನೆ ಕಾಲೇಜಿನಲ್ಲಿ ದಾಸವಾಳದ ಭಾಗಗಳ ಪಾಠ ಮಾಡುತ್ತಿದ್ದವಳು, ಹೊರಗೆ ಯಾರೋ ಗಾಡಿ ಶುರು ಮಾಡಿದ ಸದ್ದಿಗೆ "ಅಯ್ಯೋ, ಎಡಗಾಲು!" ಎಂದು ಕೂಗಿಬಿಟ್ಟೆ. ಮಕ್ಕಳು ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡರು.

ಗಾಡಿ ನಮ್ಮ ಮಾವನವರದು. ಅವರು ಹೊಸದುರ್ಗದಲ್ಲಿ ಶೇಂಗಾ ಬೀಜದ ವ್ಯಾಪಾರ ಮಾಡುತ್ತಿದ್ದರು. ಬಿತ್ತನೆಯ ಕಾಲ ಬಂತೆಂದರೆ ಹಿರಿಯೂರು ದಾಟಿ ಧರ್ಮಪುರದ ಹಳ್ಳಿಗಳವರೆಗೂ ಆ ಮೋಟಾರ್ ಸೈಕಲ್ ಮೇಲೇ ಓಡಾಟ. ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಹಿರೀಮಗ, ಅಂದರೆ ನಮ್ಮವರು. ಟ್ಯಾಂಕು ಬಿಸಿಯಾಗಿ ತೊಡೆ ಸುಡುತ್ತಿದ್ದರೂ ಇಳಿಯುತ್ತಿರಲಿಲ್ಲವಂತೆ; ಇಳಿದರೆ ಮುಂದಿನ ಸಲ ತಮ್ಮನನ್ನು ಕೂರಿಸುತ್ತಾರೆಂಬ ಭಯ. ಮಾವನವರು ತೀರಿಕೊಂಡ ಮೇಲೆ ಗಾಡಿ ಗೋದಾಮಿನ ಮೂಲೆ ಸೇರಿತು. ಇಪ್ಪತ್ತೆರಡು ವರ್ಷ ಅಲ್ಲೇ ನಿಂತಿತು. ಪ್ರತಿ ಆಯುಧಪೂಜೆಗೂ ನಮ್ಮವರು, "ರಿಟೈರಾಗೋದ್ರೊಳಗೆ ಒಂದ್ಸಲ ಅಪ್ಪನ ಗಾಡಿ ಮ್ಯಾಲೆ ಧರ್ಮಪುರಕ್ಕೆ ಹೋಗಿಬರ್ಬೇಕು ಕಣೆ" ಎನ್ನುವುದು, ನಾನು "ಮೊದ್ಲು ಚರಂಡಿ ಪೈಪು ರಿಪೇರಿ ಮಾಡ್ಸ್ರಿ" ಎನ್ನುವುದು ಪೂಜೆಯ ಅಂಗವೇ ಆಗಿಹೋಗಿತ್ತು. ಅವರು ತುರುವನೂರು ಕಡೆಯ ಒಂದು ಶಾಲೆಯಲ್ಲಿ ಹೆಡ್ ಮಾಸ್ಟರು. ನಿವೃತ್ತಿಗೆ ಇನ್ನು ಒಂದೇ ವರ್ಷ.

ಆಗ ಮೈದುನ ಶಿವಣ್ಣ ಹೊಸದುರ್ಗದಿಂದ ಫೋನ್ ಮಾಡಿದ. "ಅಣ್ಣ, ಗೋದಾಮು ಕೆಡವ್ತಾ ಇದೀನಿ. ಅಪ್ಪನ ಗಾಡಿ ತಗಂಡೋಗ್ತೀಯೋ, ಗುಜರಿಗೆ ಹಾಕ್ಲೋ?" ಗುಜರಿ ಎಂಬ ಮಾತು ಕೇಳಿದ್ದೇ ನಮ್ಮವರು ಊಟದ ತಟ್ಟೆ ಬಿಟ್ಟು ಎದ್ದರು. ಮಾರನೆಯ ದಿನ ಗಾಡಿ ಲಗೇಜ್ ಆಟೋದಲ್ಲಿ ಮಲಗಿಕೊಂಡು, ಹೊಳಲ್ಕೆರೆಯಲ್ಲಿ ಒಂದು ಸಲ ಹಗ್ಗ ಬಿಚ್ಚಿ ಉರುಳಿ, ಚಿತ್ರದುರ್ಗದ ನಮ್ಮ ಮನೆಗೆ ಬಂತು. ಅದರ ಸ್ಥಿತಿ ಏನು ಹೇಳಲಿ! ಟೈರುಗಳು ಒಣಗಿದ ಹಲಸಿನ ಸಿಪ್ಪೆಯಂತೆ ಬಿರಿದಿದ್ದವು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತೂ ಕೂತೂ ಒಂದು ಗುಳಿ. ಸಾಮಾನಿನ ಡಬ್ಬಿಯೊಳಗೆ ಇಲಿ ಸಂಸಾರ, ಅವಕ್ಕೆ ಹಾಸಿಗೆ ನಮ್ಮತ್ತೆಯ ಸೀರೆಯ ಚೂರು. ಸೈಲೆನ್ಸರಿನ ಬಾಯಿಗೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಹೆಡ್‌ಲೈಟಿನ ಬಿರುಕಿನಿಂದ ಒಂದು ಗಿಡ ಇಣುಕುತ್ತಿತ್ತು. ಉತ್ತರಾಣಿ. ನಾನು ಕಲಿತ ಸಸ್ಯಶಾಸ್ತ್ರ ಆ ಗಾಡಿಗೆ ಉಪಯೋಗಕ್ಕೆ ಬಂದದ್ದು ಅಷ್ಟೇ.

ಇಂಥ ಗಾಡಿಗಳ ನಾಡಿ ಬಲ್ಲವರು ನಮ್ಮೂರಲ್ಲಿ ಉಳಿದಿರುವುದು ಬಾಷಾ ಸಾಬರು ಒಬ್ಬರೇ. ವಯಸ್ಸಾಯಿತೆಂದು ಅಂಗಡಿ ಮುಚ್ಚಿ, ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂರುವವರು. ಬಂದು ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಎಂಜಿನ್ನಿಗೆ ಕಿವಿ ಕೊಟ್ಟು, ನನ್ನ ಕಡೆ ತಿರುಗಿ, "ಸತ್ತಿಲ್ಲಮ್ಮ. ನಿದ್ದಿ ಮಾಡೈತೆ" ಎಂದರು. ಎಬ್ಬಿಸುವ ಕೆಲಸ ನಾಲ್ಕು ತಿಂಗಳು ನಡೆಯಿತು, ಬಹುಪಾಲು ನನ್ನ ಅಡುಗೆಮನೆಯಲ್ಲಿ. ಕಾರ್ಬ್ಯುರೇಟರನ್ನು ನನ್ನ ಇಡ್ಲಿ ಪಾತ್ರೆಯಲ್ಲಿ ಬೇಯಿಸಿದರು. ಟ್ಯಾಂಕಿನ ಒಳಗಿನ ತುಕ್ಕಿಗೆ ವರ್ಷದ ಹುಣಸೆಹಣ್ಣನ್ನೆಲ್ಲ ಕಿವುಚಿ ಹುಯ್ದರು. ಆಮೇಲೆ ಒಂದು ಹಿಡಿ ಬೋಲ್ಟು ಹಾಕಿ, ಮುಚ್ಚಳ ಬಿಗಿದು, ಅಲ್ಲಾಡಿಸಬೇಕಂತೆ. ನಮ್ಮವರು ಸ್ಕೂಲಿನಿಂದ ಬಂದವರೇ ಆ ಟ್ಯಾಂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗಡಗಡ ತೂಗುತ್ತಾ ಕೂರುತ್ತಿದ್ದರು. ನಮ್ಮ ಮಗಳನ್ನು ಅವರು ಅಷ್ಟು ಹೊತ್ತು ತೂಗಿದ್ದು ನನಗೆ ನೆನಪಿಲ್ಲ. "ಸಾರಿಗೆ ಹುಣಸೆಹಣ್ಣಿಲ್ಲ" ಎಂದರೆ, "ಟಮಾಟ ಹಾಕು" ಎಂದು ತಲೆ ಎತ್ತದೆ ಹೇಳುತ್ತಿದ್ದರು.

ನಾನು ಗೊಣಗಿದೆ, ನಿಜ. ನಾಲ್ಕೂ ತಿಂಗಳು ಬಿಡದೆ ಗೊಣಗಿದೆ. ಆದರೆ ಒಂದು ಭಾನುವಾರ ಬಾಷಾ ಸಾಬರು ಕಿಕ್ಕರಿನ ಮೇಲೆ ನಿಂತು ಹದಿನೇಳನೆಯ ಸಲ ಒದ್ದಾಗ ಒಳಗಿನಿಂದ ಡುಗ್ ಎಂದಿತು. ತಡೆದು ಇನ್ನೊಂದು ಡುಗ್. ಆಮೇಲೆ ಡುಗುಡುಗು ಎಂದು ಹಿಡಿದುಕೊಂಡಿತು. ಹೊಗೆಯ ನಡುವೆ ನಮ್ಮವರು ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಮಾತ್ರವಲ್ಲ, ಕಣ್ಣನ್ನೂ. "ಅಪ್ಪ ಬೀದಿ ಕೊನೆಗೆ ಬಂದಾಗ ಹಿಂಗೇ ಕೇಳ್ತಿತ್ತು" ಎಂದರು. ಅಲ್ಲಿಗೆ ನನ್ನ ವಿರೋಧ ಮುಗಿಯಿತು. ನಾನು ಮಾಡಿದ ತಪ್ಪು ಇದೇ. ವಿರೋಧಿಸುತ್ತಿದ್ದಷ್ಟು ಕಾಲ ನನ್ನಿಂದ ಯಾರಿಗೂ ಏನೂ ಅಪಾಯವಾಗಿರಲಿಲ್ಲ.

ಗಾಡಿಯನ್ನು ಮೊದಲ ಸಲ ರಸ್ತೆಗೆ ಇಳಿಸುವಾಗ ಪೂಜೆ ಮಾಡದೆ ಇಳಿಸುವುದುಂಟೆ? ಆ ಜವಾಬ್ದಾರಿಯನ್ನು ನಾನೇ ಮೇಲೆ ಹಾಕಿಕೊಂಡೆ. ಹೆಡ್‌ಲೈಟಿಗೆ ಮೂರು ಬೆರಳ ವಿಭೂತಿ ಎಳೆದೆ. ಎರಡು ಮಾರು ಹಳದಿ ಸೇವಂತಿಗೆ ತರಿಸಿ ಹ್ಯಾಂಡಲ್‌ನ ಈ ತುದಿಯಿಂದ ಆ ತುದಿಗೆ ಹಾರ ಕಟ್ಟಿದೆ. ಬಾಳೆನಾರಿನಲ್ಲಿ ಕಟ್ಟಿದರೆ ಬಿಸಿಲಿಗೆ ಒಣಗಿ ಹರಿದೀತು, ಮೊದಲ ದಿನವೇ ಹಾರ ಬಿದ್ದರೆ ಶಕುನ ಸರಿಯಿಲ್ಲ ಎಂದುಕೊಂಡು ನೈಲಾನ್ ದಾರ ತಂದು, ಎರಡೂ ತುದಿಗೆ ಮೂರು ಮೂರು ಗಂಟು ಬಿಗಿದೆ. ನಾರಿನ ಬಲವೆಷ್ಟು, ನೈಲಾನಿನ ಬಲವೆಷ್ಟು ಎಂದು ತಿಳಿಯದ ಹೆಂಗಸಾಗಿದ್ದರೆ ಇದು ಸಂಭವಿಸುತ್ತಿರಲಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟೆ. ಕಾಯಿ ಒಡೆದೆ. ಬಾಷಾ ಸಾಬರು ಆರತಿ ಮುಗಿಯುವವರೆಗೆ ಕೈ ಕಟ್ಟಿಕೊಂಡು ನಿಂತಿದ್ದು, ಆಮೇಲೆ ಹೇಳಿದರು: "ಮೇಷ್ಟ್ರೇ, ಹಳೇ ಗಾಡಿ, ಇದ್ರಾಗೆ ಎಲ್ಲಾ ಉಲ್ಟಾ ಐತೆ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಫಸ್ಟ್ ಗೇರು ಮ್ಯಾಲೆ, ಉಳಿದವೆಲ್ಲಾ ಕೆಳಗೆ ಒತ್ತಬೇಕು. ಮರೀಬ್ಯಾಡ್ರಿ." ನಮ್ಮವರು, "ಅಪ್ಪ ಓಡ್ಸೋದು ನೋಡಿಲ್ವೇನ್ರಿ ನಾನು" ಎಂದರು. ಈಗಿನ ಗಾಡಿಯಲ್ಲಿ ಬಲಗಾಲಿನಲ್ಲೇ ಬ್ರೇಕು ತುಳಿಯುತ್ತಾ ಮೂವತ್ತು ವರ್ಷ ಶಾಲೆಗೆ ಹೋಗಿಬಂದ ಕಾಲು ಅದು. ಕಾಲಿಗೆ ಕಿವಿ ಇರುವುದಿಲ್ಲ.

ನಮ್ಮ ಬೀದಿ ಚಂದ್ರವಳ್ಳಿ ಕಡೆಗೆ ಇಳಿಜಾರು. ನಿಂಬೆಹಣ್ಣು ಪಚಕ್ಕೆಂದಿತು, ಗಾಡಿ ಹೊರಟಿತು. ನಾಲ್ಕು ಮನೆ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ನಾನು ಆರತಿ ತಟ್ಟೆ ಹಿಡಿದುಕೊಂಡೇ ಹಿಗ್ಗಿದೆ. ಆಮೇಲೆ ಸದ್ದು ಏರಿತು. ಅವರು ಬಲಗೈಯ ಹಿಡಿ ತಿರುಗಿಸಿ ವೇಗ ತಗ್ಗಿಸಲು ನೋಡುತ್ತಿರುವುದೂ ಅದು ತಿರುಗದಿರುವುದೂ ಇಲ್ಲಿಗೇ ಕಾಣುತ್ತಿತ್ತು. ಹಾರದ ದಾರ ಆಕ್ಸಿಲರೇಟರಿನ ಸಂದಿಗೆ ಸುತ್ತಿಕೊಂಡಿತ್ತು. ನಾನು ಕಟ್ಟಿದ ದಾರ. ಕ್ಲಚ್ ಹಿಡಿದರೆ ಎಂಜಿನ್ನು ಕಿರುಚಿತು, ಹೆದರಿ ಬಿಟ್ಟುಬಿಟ್ಟರು. ಕೀಲಿ ತಿರುಗಿಸಿ ಆರಿಸೋಣವೆಂದರೆ ಅದು ಹೆಡ್‌ಲೈಟಿನ ಮೇಲೆ, ಸೇವಂತಿಗೆಯ ರಾಶಿಯ ಕೆಳಗೆ. ಒಂದು ಕೈಯಲ್ಲಿ ಹೂವು ಕೆದಕುತ್ತಾ ಅವರು ಇಳಿಜಾರಿನಲ್ಲಿ ಹೋಗುತ್ತಿದ್ದರು. ಆಗ ನಾನು ಒಬ್ಬ ವಿದ್ಯಾವಂತ ಹೆಂಡತಿ ಏನು ಮಾಡಬೇಕೋ ಅದನ್ನು ಮಾಡಿದೆ. "ಬ್ರೇಕ್ ಹಾಕ್ರೀ!" ಎಂದು ಕೂಗಿದೆ.

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ನಮ್ಮವರು ನನ್ನ ಮಾತನ್ನು ಹೇಳಿದ ತಕ್ಷಣ ಕೇಳಿದ್ದಿಲ್ಲ. ಅವತ್ತು ಕೇಳಿದರು. ಬಲಗಾಲೆತ್ತಿ ಬಲವಾಗಿ ತುಳಿದರು. ಗಾಡಿ ಎರಡನೆಯ ಗೇರಿಗೆ ಹೋಯಿತು. "ಬ್ರೇಕ್ ಹಾಕ್ರೀ ಅಂದ್ರೆ!" ಮತ್ತೆ ತುಳಿದರು, ಮೂರಕ್ಕೆ ಹೋಯಿತು. ಬಾಷಾ ಸಾಬರು ಲುಂಗಿ ಎತ್ತಿಕಟ್ಟಿ, "ಎಡಗಾಲು! ಮೇಷ್ಟ್ರೇ, ಎಡಗಾಲು!" ಎನ್ನುತ್ತಾ ಓಡುತ್ತಿದ್ದರು. ಆದರೆ ನನ್ನ ಧ್ವನಿ ಕಾಲೇಜಿನ ಹಿಂದಿನ ಬೆಂಚಿಗೆ ಮುಟ್ಟುವಂತೆ ಪಳಗಿದ್ದು. ಮೂರನೆಯ ಸಲ ಕೂಗಿದೆ. ಟಾಪ್ ಗೇರು.

ಕೆಳಗೆ ರಸ್ತೆಗೆ ಅಡ್ಡವಾಗಿ ಕುರಿಗಳು. ಮಂದೆಯ ಹಿಂದೆ ಕಂಬಳಿ ಹೊದ್ದ ಕುರಿಗಾಹಿ ಒಬ್ಬ. ಇದನ್ನೇ ನಾನು ಕಣ್ಣು ಮುಚ್ಚಿದಾಗಲೆಲ್ಲ ನೋಡುವುದು: ಬಿಳಿ ಕರಿ ಬೆನ್ನುಗಳು, ಅವುಗಳ ಕಡೆಗೆ ಹೋಗುತ್ತಿರುವ ಹಳದಿ ಹಾರ, ಹಾರದ ಹಿಂದೆ ಬೋಳಾಗುತ್ತಿರುವ ಒಂದು ತಲೆ. ಹೆಲ್ಮೆಟ್ ನನ್ನ ಕೈಯಲ್ಲೇ ಇತ್ತು; ಕುಂಕುಮ ಇಡಲೆಂದು ತೆಗೆದುಕೊಂಡಿದ್ದೆ. ಇನ್ನೊಂದು ಕೈಯಲ್ಲಿದ್ದ ಆರತಿ ತಟ್ಟೆ ಬಿದ್ದದ್ದು ನನಗೆ ಕೇಳಿಸಲಿಲ್ಲ. ಕುರಿಗಾಹಿ ಬಾಯಲ್ಲಿ ಎರಡು ಬೆರಳಿಟ್ಟು ಒಂದು ಸಿಳ್ಳೆ ಹೊಡೆದ. ಮಂದೆ ಬೈತಲೆ ತೆಗೆದಂತೆ ಎರಡು ಪಾಲಾಯಿತು. ಗಾಡಿ ನಡುವೆ ನುಗ್ಗಿ ಆಚೆಯ ಏರು ಹತ್ತಿತು. ಹತ್ತುತ್ತಾ ಹತ್ತುತ್ತಾ ಡುಗು... ಡುಗು... ಡುಗ್ ಎಂದು ಉಸಿರು ಕಟ್ಟಿ ನಿಂತಿತು. ನಮ್ಮವರು ಕಾಲು ಊರುವುದನ್ನು ಮರೆತು, ಗಾಡಿಯ ಸಮೇತ ನಿಧಾನವಾಗಿ, ಮಲಗುವವರಂತೆ ಬಲಕ್ಕೆ ಒರಗಿದರು.

ನಾನು ಹೇಗೆ ಅಲ್ಲಿಗೆ ಮುಟ್ಟಿದೆನೋ ಗೊತ್ತಿಲ್ಲ. ಕುರಿಗಾಹಿ ಅವರನ್ನು ಎತ್ತಿ ಕೂರಿಸಿ, "ಏನಪ್ಪ ಯಜಮಾನ, ಮದ್ವಿ ಗಂಡಿನಂಗೆ ಹಾರ ಹಾಕ್ಕಂಡು ಎತ್ಲಾಗೆ ಹೊಂಟಿದ್ದೆ?" ಎನ್ನುತ್ತಿದ್ದ. ನಮ್ಮವರ ಮೊಣಕೈಯಲ್ಲಿ ರಕ್ತ, ಮುಖದಲ್ಲಿ ಹೊಳಪು. ನನ್ನನ್ನು ನೋಡಿ, "ಕಂಡ್ಯಾ? ಹೆಂಗ್ ಓಡ್ತು!" ಎಂದರು. ನಾನು ರಸ್ತೆಯ ಮಧ್ಯೆ ಕೂತು ಅತ್ತೆ. ಕುರಿಗಳು ನನ್ನ ಸುತ್ತ ಹಾದುಹೋದವು.

ಸುದ್ದಿ ತಿಳಿದು ಮಾರನೆಯ ದಿನವೇ ಶಿವಣ್ಣ ಬಂದ. ಬಾಷಾ ಸಾಬರನ್ನೂ ಕರೆಸಿದ. "ಏನ್ ಸಾಬ್ರೇ, ಏನಾಗಿತ್ತು ಗಾಡಿಗೆ?" ಎಂದು ಕೇಳಿದ. ಸಾಬರು ನೆಲ ನೋಡುತ್ತಾ, "ಎಕ್ಸಲೇಟರ್ ಕೇಬಲ್ಲು ಹಿಡ್ಕಂಬಿಡ್ತು. ನಾನೇ ನೋಡ್ಕಬೇಕಿತ್ತು" ಎಂದರು. ಐವತ್ತು ವರ್ಷ ಈ ಊರಿನ ಗಾಡಿಗಳನ್ನು ನೋಡಿದ ಮನುಷ್ಯ ಹಾಗೆ ಹೇಳಿದಾಗ ನಾನು ಎದ್ದು ಅಡುಗೆಮನೆಗೆ ಹೋದೆ. ದಾರದ ಮಾತೆತ್ತದೆ ಕಾಫಿ ತಂದುಕೊಟ್ಟೆ. ಶಿವಣ್ಣ, "ಕೊಟ್ಟಾಕಣ್ಣ ಅತ್ಲಾಗೆ. ಹೊಳಲ್ಕೆರೆಯಾಗೆ ಒಬ್ರು ಇಂಥವ್ನ ಶೋಕಿಗೆ ಇಟ್ಕಂತಾರೆ. ಇವತ್ತೇ ಹೇಳ್ತೀನಿ. ನಿನ್ ಜೀವಕ್ಕಿಂತ ದೊಡ್ಡದೇನ್ ಅಪ್ಪನ ಗಾಡಿ?" ಎಂದ. ನಮ್ಮವರು ಬ್ಯಾಂಡೇಜು ಸವರುತ್ತಾ ನನ್ನ ಮುಖವನ್ನೊಮ್ಮೆ ನೋಡಿ, "ಆತಪ್ಪ, ಹಂಗೇ ಮಾಡು. ಇವ್ಳು ಬಾಳ ಹೆದ್ರಿದಾಳೆ" ಎಂದರು.

ಇಲ್ಲಿ ನಾನು ಬಾಯಿಬಿಡದಿದ್ದರೆ ಗಾಡಿ ಹೋಗುತ್ತಿತ್ತು, ನನ್ನ ಮರ್ಯಾದೆ ಉಳಿಯುತ್ತಿತ್ತು. ಶಿವಣ್ಣ ಜೇಬಿನಿಂದ ಫೋನ್ ತೆಗೆದ. ನಂಬರು ಹುಡುಕುವುದಕ್ಕೆ ಅವನಿಗೆ ಕನ್ನಡಕ ಬೇಕಾಯಿತು. ಆ ಕನ್ನಡಕ ಹುಡುಕುವಷ್ಟು ಹೊತ್ತು ನಾನು ನನ್ನ ಜೊತೆ ಜಗಳವಾಡಿ, ಕೊನೆಗೆ, "ಫೋನ್ ಇಡು ಶಿವಣ್ಣ. ತಪ್ಪು ಕೇಬಲ್ಲಿಂದಲ್ಲ, ಸಾಬ್ರದೂ ಅಲ್ಲ. ಹಾರದ ದಾರ ಸಿಕ್ಕಂಡಿತ್ತು. ನೈಲಾನ್ ದಾರ. ಕಟ್ಟಿದೋಳು ನಾನು. ಗೇರು ಹಾಕ್ಸಿದೋಳೂ ನಾನೇ" ಎಂದೆ.

ಆಕಾಶ ಕಳಚಿ ಬೀಳಲಿಲ್ಲ. ಬಾಷಾ ಸಾಬರು ಕಾಫಿ ಲೋಟ ಕೆಳಗಿಟ್ಟು, "ಗೊತ್ತೈತಮ್ಮ. ಬ್ಲೇಡಿನಾಗೆ ಕುಯ್ದು ತೆಗೆದೋನು ನಾನೇ ಅಲ್ಲಾ? ಪೂಜಿಗೆ ಹೂವ ಕಟ್ಟಿದ ಕೈಗೆ ಕೆಟ್ಟ ಹೆಸ್ರು ಯಾಕೆ ಅಂತ" ಎಂದರು. ನಮ್ಮವರು, "ನಂಗೂ ಗೊತ್ತಿತ್ತು ಬಿಡೆ" ಎಂದರು. ಶಿವಣ್ಣನೊಬ್ಬನಿಗೇ ಗೊತ್ತಿರಲಿಲ್ಲ, ಅವನು ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡ. ನಾನು ಇನ್ನಷ್ಟು ಕುಗ್ಗಬಾರದೆಂದೋ ಏನೋ, ಸಾಬರು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಒಂದ್ ಮಾತು ಅಮ್ಮಾ. ನೀವು ಮೂರ್ ಸರ್ತಿ ಕೂಗಿ ಟಾಪ್ ಗೇರಿಗೆ ಹಾಕ್ಸಿದ್ರಿ ನೋಡ್ರಿ, ಅದಕ್ಕೇ ಏರಿನಾಗೆ ಎಳೀಲಾರ್ದೆ ಆಫ್ ಆತು. ಸೆಕೆಂಡಿನಾಗೇ ಇದ್ದಿದ್ರೆ ಏರು ಹತ್ತಿ ಆಚೆ ಇಳೀತಿತ್ತು." ಇದು ಎಷ್ಟು ಯಂತ್ರಶಾಸ್ತ್ರ, ಎಷ್ಟು ಕರುಣೆ ಎಂದು ನಾನು ವಿಚಾರಿಸಲು ಹೋಗಿಲ್ಲ.

ಗಾಡಿ ಉಳಿಯಿತು. ನಮ್ಮವರು ಒಂದು ತಿಂಗಳು ಮೈದಾನದಲ್ಲಿ ಎಡಗಾಲಿಗೆ ಪಾಠ ಹೇಳಿಸಿಕೊಂಡರು. ಕಳೆದ ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಎರಡು ಹಿಡಿದುಕೊಂಡು ಬಂದು, "ಧರ್ಮಪುರಕ್ಕೆ ಹೋಗಾಣ, ಹತ್ತು" ಎಂದರು. ಹತ್ತಿದೆ. ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಹಿಂದಕ್ಕೆ ಸರಿದವು. ಎದುರಿಗೆ ಲಾರಿ ಬಂದಾಗ, ಎಮ್ಮೆ ಬಂದಾಗ, ಬರೀ ತಿರುವು ಬಂದಾಗಲೂ ಆ ಎರಡು ಪದ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿದ್ದವು. ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ. ಹಿರಿಯೂರಿನಲ್ಲಿ ಟೀ ಕುಡಿಯಲು ಇಳಿದಾಗ ನಮ್ಮವರು ಅಂಗಡಿಯವನ ಮುಂದೆ ಹೆಮ್ಮೆಯಿಂದ, "ಚಿತ್ರದುರ್ಗದಿಂದ ಇಲ್ಲೀಗಂಟ ನಮ್ಮನೆಯವ್ರು ಒಂದ್ ಮಾತಾಡಿಲ್ಲ ನೋಡ್ರಿ. ನನ್ ಡ್ರೈವಿಂಗ್ ಮ್ಯಾಲೆ ಅಷ್ಟು ನಂಬಿಕೆ ಬಂದೈತೆ" ಎಂದರು. ನಾನು ಹೌದೆಂದು ತಲೆಯಾಡಿಸಿ, ಒದ್ದೆಯಾದ ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಧರ್ಮಪುರ ಇನ್ನೂ ದೂರವಿತ್ತು.