ಸಭೆಗೆ ಬೆನ್ನು ಹಾಕಿದ ಸಂಘದ ಸದಸ್ಯ

ದಾವಣಗೆರೆಯಲ್ಲಿ ನಮ್ಮ ಚಿಕ್ಕಪ್ಪನಿಗಿಂತ ದೊಡ್ಡ ಅಂಜುಬುರುಕ ಇನ್ನೊಬ್ಬ ಇದ್ದಿರಲಾರ. ಇದ್ದಿದ್ದರೂ ಹೆದರಿ ಮನೆಯಿಂದ ಹೊರಗೇ ಬಂದಿರಲಿಕ್ಕಿಲ್ಲ, ನಮಗೆ ಹೇಗೆ ಗೊತ್ತಾಗಬೇಕು! ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದ ಈ ಮನುಷ್ಯ, ಮ್ಯಾನೇಜರರ ಕಾರು ಖಾಲಿ ನಿಂತಿದ್ದರೂ ಅದಕ್ಕೊಂದು ನಮಸ್ಕಾರ ಹಾಕಿಯೇ ಮುಂದೆ ಹೋಗುತ್ತಿದ್ದ.

ಇಂಥವನು ಗುಟ್ಟಾಗಿ ಕಾರ್ಮಿಕ ಸಂಘ ಸೇರಿದ್ದ ಎಂದರೆ ನಂಬುತ್ತೀರಾ? ಐವತ್ತರ ದಶಕದ ಕೊನೆಯ ವರ್ಷಗಳವು. ಸಂಘ ಬೆಳೆಯುತ್ತಿತ್ತು, ಅದರಲ್ಲಿ ಎದ್ದು ಕಂಡವರ ಕೆಲಸ ಹೋಗುತ್ತಿತ್ತು. ಊರಂಚಿನ ಆನೆಕೊಂಡದಲ್ಲಿ ಸಭೆ ಸೇರಿದರೆ ಚಿಕ್ಕಪ್ಪ ವೇದಿಕೆಗೆ ಬೆನ್ನು ಹಾಕಿ ಕೂರುತ್ತಿದ್ದ.

"ಹಿಂಗ್ಯಾಕ ಕುಂತೀರಿ?" ಎಂದು ಒಮ್ಮೆ ಜೊತೆಗೆ ಹೋಗಿದ್ದ ನಾನು ಕೇಳಿದೆ.

"ನಾಳೆ ಯಾರರ ಕೇಳಿದ್ರೆ, ಭಾಷಣ ಮಾಡಿದೋರ ಮುಖನ ನೋಡಿಲ್ರಿ ಅಂತ ಆಣೆ ಮಾಡಬೌದಲ್ಲೋ!"

ಮೆರವಣಿಗೆಗೂ ಹೋಗುತ್ತಿದ್ದ, ಆದರೆ ರಸ್ತೆಯ ಅಂಚಿನಲ್ಲಿ, ಬದನೆಕಾಯಿ ಚೀಲ ಹಿಡಿದು, ಸಂತೆಗೆ ಹೊರಟವನಂತೆ! ಊರೆಲ್ಲ ಸುತ್ತಿ ಬಂದ ಬದನೆಕಾಯಿ ನೋಡಿ ಚಿಕ್ಕಮ್ಮ, "ಇವೂ ಉಪವಾಸ ಕುಂತಿದ್ವೇನ್ರಿ, ಹಿಂಗ್ ಬಾಡ್ಯಾವಲ್ಲ?" ಎಂದಳು.

"ಮೆಲ್ಲಗ ಮಾತಾಡೇ!" ಎಂದು ಚಿಕ್ಕಪ್ಪ ಕಿಟಕಿ ಮುಚ್ಚಿದ.

ಅಷ್ಟರಲ್ಲಿ ಪಕ್ಕದ ಮಗ್ಗದ ರಹಮಾನ್‌ಸಾಬರನ್ನು ಕೆಲಸದಿಂದ ತೆಗೆದರು. ಮೇಸ್ತ್ರಿಗೆ ಹೊಡೆದರೆಂದು ಆರೋಪ. ನಿಜವಾಗಿ ಮೇಸ್ತ್ರಿ ಎಣ್ಣೆ ಚೆಲ್ಲಿದ ನೆಲದಲ್ಲಿ ತಾನೇ ಜಾರಿ ಬಿದ್ದಿದ್ದ; ಸಾಬರ ತಪ್ಪೆಂದರೆ ಸಂಘದ ಮುಂದಾಳಾಗಿದ್ದುದು. ಸಾಬರ ಪರವಾಗಿ ಸಂಘದವರು ಕೇಸು ಹಾಕಿದರು. ಕಣ್ಣಾರೆ ಕಂಡಿದ್ದವನು ಚಿಕ್ಕಪ್ಪ ಒಬ್ಬನೇ. ಸಾಕ್ಷಿ ಹೇಳಿದರೆ ತನ್ನ ಅನ್ನಕ್ಕೂ ಕಲ್ಲು ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಒಂದು ವಾರ ಹಿಂದೆಮುಂದೆ ನೋಡಿ ಒಪ್ಪಿಕೊಂಡ.

ವಿಚಾರಣೆ ಹರಿಹರದ ಕೋರ್ಟಿನಲ್ಲಿ. ಒಬ್ಬನೇ ಹೋಗಲು ಹೆದರಿ ನನ್ನನ್ನೂ ಎಳೆದುಕೊಂಡು ಹೋದ. ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಲೆಂದು ಹರಿಹರೇಶ್ವರನಿಗೆ ಹರಕೆ ಹೊತ್ತ. ತನ್ನೂರಿಗೆ ಬರುವ ಬಸ್ಸನ್ನು ದೇವರು ತಾನೇ ಯಾಕೆ ಕೆಡಿಸುತ್ತಾನೆ?

ಕಟಕಟೆಯಲ್ಲಿ ನಿಂತ ಚಿಕ್ಕಪ್ಪನನ್ನು ಗಿರಣಿಯ ವಕೀಲರು ಕೇಳಿದರು: "ನೀವೂ ಸಂಘದವರೇನ್ರಿ?"

ಇಲ್ಲವೆಂದರೆ ಸುಳ್ಳು, ಹೌದೆಂದರೆ ಕೆಲಸ ಹೋದಂತೆಯೇ.

"ಹೌದ್ರಿ," ಎಂದ ಚಿಕ್ಕಪ್ಪ. "ಮೊದ್ಲಿಂದನೂ ಅದೀನ್ರಿ."

"ಮತ್ತೆ ಇಷ್ಟು ದಿನ ಯಾಕೆ ಮುಚ್ಚಿಟ್ರಿ?"

"ಹೆದ್ರಿಕೆ ಇತ್ರಿ. ಈಗ್ಲೂ ಐತ್ರಿ, ಕಾಲು ನಡುಗಾಕ ಹತ್ಯಾವು ನೋಡ್ರಿ. ಆದ್ರ ಸಾಬ್ರು ಹೊಡೆದಿಲ್ರಿ."

ತೀರ್ಪು ಬರುವುದಿರಲಿ, ಮಾರನೆಯ ದಿನ ಗಿರಣಿಗೆ ಹೋಗಬೇಕಿತ್ತಲ್ಲ! ಬೆಳಿಗ್ಗೆ ಚಿಕ್ಕಪ್ಪ ಅಂಗಿಯ ಗುಂಡಿಗಳನ್ನು ಎರಡು ಸಲ ತಪ್ಪು ತಪ್ಪಾಗಿ ಹಾಕಿಕೊಂಡ. ಚಿಕ್ಕಮ್ಮ ಬಿಚ್ಚಿ ತಾನೇ ಹಾಕಿದಳು. ನನಗೆ ಅಂದು ನಗು ಬರಲಿಲ್ಲ, ಭಯವಾಯಿತು.

ಹೊರಗೆ ಜಗಲಿಯ ಹತ್ತಿರ ರಹಮಾನ್‌ಸಾಬರು ನಿಂತಿದ್ದರು. "ಬರ್ರಿ ಅಣ್ಣಾ," ಎಂದರು, "ಗೇಟಿನ ತನಕ ನಾನೂ ಬರ್ತೀನಿ."

ಆ ಗೇಟು ದಾಟಲು ತಮಗೇ ಅಪ್ಪಣೆಯಿಲ್ಲದ ಮನುಷ್ಯ, ನಮ್ಮ ಚಿಕ್ಕಪ್ಪನ ಕೈ ಹಿಡಿದುಕೊಂಡು, ಅವನನ್ನು ಕೆಲಸಕ್ಕೆ ಬಿಟ್ಟುಬರಲು ಹೊರಟರು.