ಏಲಂ ಕೂಗುವವನ ಕಾನೂನು ಓದು

ನಲವತ್ತೆರಡನೇ ವಯಸ್ಸಿಗೆ ಕಾನೂನು ಓದಲು ಹೊರಟವನನ್ನು ಊರು ಸುಮ್ಮನೆ ಬಿಡುವುದಿಲ್ಲ. ಊರು ಬಿಟ್ಟರೂ ಅವನೇ ಏನಾದರೊಂದು ಎಡವಟ್ಟು ಮಾಡಿಕೊಳ್ಳುತ್ತಲೇ ಇರುತ್ತಾನೆ. ನಾನು ಗಂಗೊಳ್ಳಿ ಬಂದರಿನಲ್ಲಿ ಮೀನಿನ ಏಲಂ, ಅಂದರೆ ಹರಾಜು, ಕೂಗುವವನು. ಅಂಚೆಯ ಮೂಲಕ ಬಿ.ಎ. ಮುಗಿಸಿದ ಹುರುಪಿನಲ್ಲಿ, ಎರಡು ಸಾವಿರದ ಇಸವಿಯ ಆಚೀಚೆ, ಅಂಚೆಯಲ್ಲೇ ಕಾನೂನಿಗೂ ಸೇರಿಕೊಂಡೆ. ಕಾರಣ ಮಾತ್ರ ನಗುವಂಥದ್ದಲ್ಲ. ನನ್ನ ಅಪ್ಪ ಓದಲು ಬಾರದ ಕಾಗದವೊಂದಕ್ಕೆ ಹೆಬ್ಬೆಟ್ಟು ಒತ್ತಿ ದೋಣಿ ಕಳೆದುಕೊಂಡಿದ್ದರು. ಅಂಥ ಕಾಗದ ಓದಿ ಅರ್ಥ ಮಾಡಿಕೊಳ್ಳುವವನೊಬ್ಬ ನಮ್ಮ ಮನೆಯಲ್ಲಿ ಇರಲೇಬೇಕು ಎಂಬ ಹಠ ನನಗೆ. ಮಿಕ್ಕಿದ್ದೆಲ್ಲ ನಗುವಂಥದ್ದೇ.

ಪಾರ್ಸೆಲ್ ಬಂದ ದಿನ

ಪಕ್ಕದ ಮನೆಯವರ ಬೇಲಿ ಮಳೆಗಾಲಕ್ಕೊಂದು ಗೇಣಿನಂತೆ ನಮ್ಮ ಹಿತ್ತಿಲಿನೊಳಗೆ ನಡೆದು ಬರುತ್ತಿತ್ತು. ಕೇಳಿದರೆ ಜಗಳ, ಕೇಳದಿದ್ದರೆ ಜಾಗ ಇಲ್ಲ. ಹೀಗಿರುವಾಗ ಒಂದು ದಿನ ಪೋಸ್ಟ್‌ಮ್ಯಾನ್ ದೊಡ್ಡ ಪಾರ್ಸೆಲ್ ತಂದು ಜಗಲಿಯ ಮೇಲಿಟ್ಟು, "ಹ್ವಾಯ್, ನಿಮ್ ಕಾನೂನ್ ಪುಸ್ತಕ ಬಂತ್ ಕಾಣಿ!" ಎಂದು ಇಡೀ ಕೇರಿಗೆ ಕೇಳುವ ಹಾಗೆ ಕೂಗಿದ.

ಮರುದಿನ ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಪಕ್ಕದ ಮನೆಯ ಯಜಮಾನರು ಬೇಲಿಯ ಗೂಟ ಕಿತ್ತು ಹಿಂದಕ್ಕೆ ಹುಗಿಯುತ್ತಿದ್ದಾರೆ!

"ಎಂತ ಮಾರಾಯ್ರೆ ಇದ್?"

"ಎಂತ ಇಲ್ಲೆ. ಗಾಳಿಗೆ ಸ್ವಲ್ಪ ವಾಲಿತ್ತ್."

ನಾನಿನ್ನೂ ಪಾರ್ಸೆಲ್ಲಿನ ದಾರವನ್ನೇ ಬಿಚ್ಚಿರಲಿಲ್ಲ.

ಮುನ್ನೂರ ಎರಡು

ಇಪ್ಪತ್ತು ವರ್ಷ ಏಲಂ ಕೂಗಿದ ಬಾಯಿ. ಮನಸ್ಸಿನಲ್ಲೇ ಓದಿದ್ದು ನನ್ನ ತಲೆಯೊಳಗೆ ನಿಲ್ಲುವುದೇ ಇಲ್ಲ. ಕೂಗಿದರೆ ಮಾತ್ರ ನಿಲ್ಲುತ್ತದೆ. ಹಾಗಾಗಿ ದಂಡಸಂಹಿತೆಯ ಕಲಂಗಳನ್ನೂ ಏಲಂ ರಾಗದಲ್ಲೇ ಬಾಯಿಪಾಠ ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತ, "ಇನ್ನೂರ ತೊಂಬತ್ತೊಂಬತ್ತ್! ಮುನ್ನೂರ್! ಮುನ್ನೂರ ಎರಡ್! ಮುನ್ನೂರ ಎರಡ್!" ಎಂದು ಕೂಗುತ್ತಿದ್ದೆ. ಎದುರುಮನೆಯ ಅಕ್ಕ ಮೀನು ಮಾರುವವರು. ಬಂದರಿನಿಂದ ಬಂದು ಸುಸ್ತಾಗಿ ಮಲಗಿದ್ದವರು ಒಳಗಿನಿಂದಲೇ, "ಮುನ್ನೂರ ಹತ್ತ್!" ಎಂದರು. ಕಣ್ಣುಜ್ಜಿಕೊಳ್ಳುತ್ತ ಬುಟ್ಟಿಯ ಸಮೇತ ಹೊರಗೂ ಬಂದರು.

"ಎಂತ ಮೀನ್ ಮಾರಾಯಾ?"

"ಮೀನಲ್ಲ ಅಕ್ಕ, ಕೊಲೆ."

ಅಕ್ಕ ಒಂದು ಗಳಿಗೆ ಯೋಚಿಸಿ ಬುಟ್ಟಿಯನ್ನು ಸೊಂಟಕ್ಕೇರಿಸಿ ತಿರುಗಿದರು. "ಹಂಗಾರೆ ಬ್ಯಾಡ. ನಮ್ಮನೇಲಿ ಅದ್ ತಿಂಬರಿಲ್ಲೆ."

ಮಿಕ್ಸಿಯ ಮಾತು

ಅಂಚೆಯಲ್ಲಿ ಓದುವವರಿಗೆ ಭಾನುವಾರ ಬ್ರಹ್ಮಾವರದಲ್ಲಿ ತರಗತಿ. ನನಗಿಂತ ಎಷ್ಟೋ ಚಿಕ್ಕ ಪ್ರಾಯದ ಮೇಷ್ಟ್ರು ಒಪ್ಪಂದ ಕಾನೂನು ಪಾಠ ಮಾಡುತ್ತ, ಗಂಡ ಹೆಂಡತಿಗೆ ಮನೆಯೊಳಗೆ ಕೊಡುವ ಮಾತು ಸಾಮಾನ್ಯವಾಗಿ ಕೋರ್ಟಿನಲ್ಲಿ ನಿಲ್ಲುವ ಒಪ್ಪಂದವಲ್ಲ ಎಂದರು. ಆಹಾ, ಓದಿದ್ದಕ್ಕೂ ಸಾರ್ಥಕವಾಯಿತು ಅನ್ನಿಸಿತು. ಮನೆಯವಳಿಗೆ ಮಿಕ್ಸಿ ತರುತ್ತೇನೆಂದು ಮಾತು ಕೊಟ್ಟು ಆಗಲೇ ಎರಡು ವರ್ಷವಾಗಿತ್ತು.

ಬಸ್ಸಿಳಿದು ಮನೆಗೆ ಬಂದವನೇ ಹೇಳಿದೆ, "ಕಾಣ್, ಮಿಕ್ಸಿ ತತ್ತೆ ಅಂತ ನಾ ಹೇಳಿದ್ದ್ ಒಪ್ಪಂದವೇ ಅಲ್ಲ. ಕೋರ್ಟಿಗ್ ಹೋದ್ರೂ ನಿಲ್ಲುದಿಲ್ಲೆ."

ಅವಳು ಅರೆಯುತ್ತಿದ್ದ ಮಸಾಲೆಯನ್ನು ಕಲ್ಲಿನ ಮೇಲೇ ಬಿಟ್ಟು ಕೈ ತೊಳೆದುಕೊಂಡಳು. "ಹೌದಾ? ಹಂಗಾರೆ ನಾ ನಿಮ್ಗೆ ದಿನಾ ಅಡ್ಗಿ ಮಾಡಿ ಹಾಕುದೂ ಒಪ್ಪಂದ ಅಲ್ಲ, ಅಲ್ದಾ?"

ಮಂಗಳವಾರ ಮಿಕ್ಸಿ ಬಂತು. ಆ ವರ್ಷ ಒಪ್ಪಂದ ಕಾನೂನಿನಲ್ಲಿ ನಾನು ಫೇಲು.

ಸುತ್ತಿಗೆ ಇಲ್ಲದ ಹರಾಜು

ಮರುವರ್ಷವೂ ಅದರಲ್ಲೇ ಫೇಲು. ಉಳಿದದ್ದೆಲ್ಲ ಪಾಸಾಗಿ ಅದೊಂದೇ ಪೇಪರ್ ಗಂಟಲಿನ ಮುಳ್ಳಾಗಿ ಕೂತಿತು. ಮೂರನೆಯದು ಕೊನೆಯ ಅವಕಾಶ. ಇದೂ ಹೋದರೆ ಓದಿದ್ದಷ್ಟೂ ನೀರಿನಲ್ಲಿ ಹೋಮ.

ಕುಂದಾಪುರದ ಪರೀಕ್ಷಾ ಕೋಣೆಯಲ್ಲಿ ಹೋಗಿ ಕೂತೆ. ಪ್ರಶ್ನೆಪತ್ರಿಕೆ ತಿರುಗಿಸಿದರೆ, ಹರಾಜಿನಲ್ಲಿ ಮಾರಾಟ ಯಾವಾಗ ಪೂರ್ಣವಾಗುತ್ತದೆ ಎಂಬ ಪ್ರಶ್ನೆ! ಸುತ್ತಿಗೆ ಬಡಿದಾಗ ಅಥವಾ ರೂಢಿಯ ಬೇರೆ ರೀತಿಯಲ್ಲಿ ಎಂದು ಪುಸ್ತಕದಲ್ಲಿತ್ತು. ನಾನು ಜನ್ಮದಲ್ಲಿ ಸುತ್ತಿಗೆ ಮುಟ್ಟಿದವನಲ್ಲ. ರೂಢಿ ಮಾತ್ರ ಚೆನ್ನಾಗಿ ಗೊತ್ತು. ನಮ್ಮಲ್ಲಿ ಕೂಗುವವನ ಕೂಗು ನಿಂತು, ಕೊನೆಯ ಬೆಲೆ ಹೇಳಿದವರು ರಾಶಿಯ ಮೇಲೆ ಬುಟ್ಟಿ ಇಟ್ಟರೆ ಮುಗಿಯಿತು. ಅದನ್ನೇ ಮೂರು ಪುಟ ಬರೆದೆ. ಬರೆದು ಹೊರಬಂದ ಮೇಲೆ ಹೆದರಿಕೆ ಶುರುವಾಯಿತು. ತಿದ್ದುವವರು ಮೀನು ತಿನ್ನದವರಾದರೆ ಏನು ಗತಿ?

ಎರಡು ತಿಂಗಳ ಬಳಿಕ ಒಂದು ಬೆಳಿಗ್ಗೆ ಬಂದರಿನಲ್ಲಿ ಅಂಜಲ್ ಮೀನಿನ ರಾಶಿ ಏಲಂ ಹಾಕುತ್ತಿದ್ದೆ. ಬೆಲೆ ಇನ್ನೂ ಅರ್ಧ ದಾರಿಗೂ ಬಂದಿರಲಿಲ್ಲ. ಅಷ್ಟರಲ್ಲಿ ಮನೆಯವಳು ಲಕೋಟೆ ಎತ್ತಿ ಹಿಡಿದು ಓಡುತ್ತ ಬಂದಳು.

"ಹ್ವಾಯ್! ಪಾಸ್! ನೀವ್ ಪಾಸ್!"

ನನ್ನ ಬಾಯಿ ಕಟ್ಟಿಹೋಯಿತು. ಅಪ್ಪನ ಹೆಬ್ಬೆಟ್ಟು ನೆನಪಾಗಿ, ಅಷ್ಟು ಜನರ ನಡುವೆ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ನೋಡುತ್ತೇನೆ, ಕೊನೆಯ ಬೆಲೆ ಹೇಳಿದ್ದ ಎದುರುಮನೆಯ ಅಕ್ಕ ರಾಶಿಯ ಮೇಲೆ ಬುಟ್ಟಿ ಇಟ್ಟು ನಿಂತಿದ್ದಾರೆ.

"ಕೂಗ್ ನಿಂತ್ತ್. ಮೀನ್ ನಂದ್!"

ಬೋಟಿನ ಮಾಲೀಕರು ಹಾರಿಬಿದ್ದರು. "ಅರ್ಧ ಬೆಲೆಯೂ ಬರ್ಲಿಲ್ಲೆ!"

"ಲಾಯ್ರ್ ಇಲ್ಲೇ ಇದ್ರಲ್ಲೆ, ಅವ್ರೇ ಹೇಳ್ಲಿ," ಎಂದಿತು ಗುಂಪು.

ಏನು ಹೇಳಲಿ? ಮೂರು ಪುಟ ಬರೆದು ಪಾಸಾದದ್ದೇ ಆ ಮಾತಿಗೆ. "ಮೀನ್ ಅಕ್ಕಂದೇ," ಎಂದೆ. ಮಾಲೀಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇನ್ನೊಂದ್ ಪರೀಕ್ಷೆ ಪಾಸ್ ಆದ್ರೆ ನೀವ್ ನನ್ ಬೋಟನ್ನೂ ಕೊಡ್ಸಿಬಿಡ್ತ್ರಿ!" ಎಂದು ಕೊನೆಗೆ ತಾವೇ ನಕ್ಕರು.

ಸಂಜೆ ಅಕ್ಕ ಒಂದು ದೊಡ್ಡ ಅಂಜಲ್ ಹಿಡಿದುಕೊಂಡು ಮನೆಗೆ ಬಂದರು. "ಲಾಯ್ರಿಗೆ ಫೀಸ್."

ನಾನು ಗಂಟಲು ಸರಿಮಾಡಿಕೊಂಡೆ. "ಅಕ್ಕ, ಅಂಚೇಲಿ ಓದಿದ್ರೆ ವಕೀಲಿ ಮಾಡುಕ್ ಆತಿಲ್ಲೆ. ಹಂಗಾಯಿ ಇದ್ ಫೀಸ್ ಅಲ್ಲ. ಬೆಳಿಗ್ಗೆ ತೀರ್ಪ್ ಕೊಟ್ಟವ ನಾನೇ. ಹಂಗಾಯಿ ಇದ್ ಲಂಚ ಆತ್ತ್. ನಾ ಮುಟ್ಟುದಿಲ್ಲೆ."

ಒಳಗಿನಿಂದ ಮನೆಯವಳು ಪಾತ್ರೆ ಹಿಡಿದು ಬಂದಳು.

"ಇಲ್ಲಿ ಹಾಕಿ ಅಕ್ಕ. ನಾ ಎಂತದೂ ಓದ್ಲಿಲ್ಲೆ."